ಚಕ್ರದ ಹಿಂದಿನ ತಗಡು

“ಬುದ್ಧೀ, ಕಣ್ಣು ಮುಚ್ಚಿ ಕೂತರೆ ಎದೆ ನಡುಗುತ್ತದೆ. ನನಗೂ ಒಂದು ರಕ್ಷೆಯ ತಗಡು ಬರೆದುಕೊಡಬಾರದೇ?” ಎಂದು ಶಂಭುಲಿಂಗ ಕೇಳಿದ. ಅವನು ಮಠಕ್ಕೆ ಸೇರಿ ಎರಡು ವರ್ಷವಾಗಿತ್ತು.

ಗುರುಗಳು ನಕ್ಕರು. ತಗಡಿನ ಮಾತು ಆಮೇಲೆ, ಮೊದಲು ಕೂತು ಕೇಳು, ನಡುವೆ ಬಾಯಿ ಹಾಕಬೇಡ ಎಂದು ಹೇಳತೊಡಗಿದರು.

ಒಬ್ಬ ಕಾರಿನ ಡ್ರೈವರ್ ಇದ್ದ. ಅವನ ಹೆಂಡತಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಹದಿನೈದು ದಿನಕ್ಕೊಮ್ಮೆ ಹೆದ್ದಾರಿಯಲ್ಲಿ ಮೂರು ಗಂಟೆಯ ದಾರಿ ಹೋಗಿ ಅವಳನ್ನು ಆಸ್ಪತ್ರೆಗೆ ತೋರಿಸಬೇಕು. ತಪ್ಪದೆ ಬಂದರೆ ಎದ್ದು ನಡೆಯುತ್ತಾಳೆ, ಬಿಟ್ಟರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿಯೆಂದರೆ ಅವನಿಗೆ ಪ್ರಾಣ. ದಾರಿಯಲ್ಲಿ ಅವಳಿಗೆ ನೋವಾಗಬಾರದೆಂದು ಸವೆದ ಟೈರು ತೆಗೆಸಿ ನಾಲ್ಕೂ ಹೊಸದು ಹಾಕಿಸಿದ.

ಅಲ್ಲಿಂದ ಶುರುವಾಯಿತು ನೋಡು. ಊರೊಳಗೆ ಕಾರು ಸಲೀಸಾಗಿ ಹೋಗುತ್ತಿತ್ತು. ವೇಗ ಎಂಬತ್ತು ದಾಟಿತೋ, ಸ್ಟೇರಿಂಗ್ ಗಡಗಡ ನಡುಗುತ್ತಿತ್ತು, ಕಾಲಡಿಯಿಂದ ಗುಂಯ್ ಎಂದು ಸದ್ದು ಏಳುತ್ತಿತ್ತು. ನಿಧಾನ ಹೋದರೆ ಮೂರು ಗಂಟೆಯ ದಾರಿ ಐದು ಗಂಟೆಯಾಗುತ್ತದೆ, ಅಷ್ಟು ಹೊತ್ತು ಅವಳು ಕೂರಲಾರಳು. ಜೋರಾಗಿ ಹೋದರೆ ಆ ನಡುಕವೆಲ್ಲ ನೇರ ಅವಳ ಬೆನ್ನಿಗೆ. ಎರಡನೇ ಸಲ ಹೋಗಿಬಂದ ದಿನ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಇನ್ನು ನಾನು ಬರುವುದಿಲ್ಲ, ಮಲಗಿದ್ದಲ್ಲೇ ಇದ್ದುಬಿಡುತ್ತೇನೆ ಎಂದಳು. 

ಚಕ್ರ ಬಿಚ್ಚುವುದು, ಹಾಕುವುದು ಅವನದೇ ಕೆಲಸ. ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನೇ ಬಿಚ್ಚಿ, ಆಟೋದಲ್ಲಿ ಹೇರಿಕೊಂಡು ಟೈರಿನ ಅಂಗಡಿಗೆ ಒಯ್ದ. ಅವರು ಯಂತ್ರಕ್ಕೆ ಹಾಕಿ ತಿರುಗಿಸಿ, ಕೂದಲೆಳೆಯಷ್ಟೂ ಓರೆಯಿಲ್ಲ ಎಂದರು. ಅವನು ಬಿಡಲಿಲ್ಲ, ಜಗಳವಾಡಿ ಟೈರು ಬದಲಾಯಿಸಿಕೊಂಡ. ಮನೆಗೆ ತಂದು ಹಾಕಿ ಓಡಿಸಿದರೆ ಮತ್ತೆ ಅದೇ ನಡುಕ.

ಕೊನೆಗೆ ಯಾರೋ ಹೆದ್ದಾರಿ ಬದಿಯ ಹುಸೇನ್ ಸಾಬರ ಹೆಸರು ಹೇಳಿದರು. ಎಪ್ಪತ್ತು ದಾಟಿದ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಡ್ರೈವರನ ಪಕ್ಕದಲ್ಲಿ ಕೂತು, ನಡಿ ಎಂದರು. ಎಂಬತ್ತಕ್ಕೆ ಬಂದಾಗ ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕೊತ್ತಿ, ಒಂದು ಕೈಯನ್ನು ಸೀಟಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಸೀಟು ಸುಮ್ಮನಿದೆ, ಸ್ಟೇರಿಂಗ್ ನಡುಗುತ್ತಿದೆ, ಆದ್ದರಿಂದ ದೋಷ ಇರುವುದು ಮುಂದೆ. ಅದೂ ನನ್ನ ಕಾಲಡಿಯ ಎಡಗಡೆ ಚಕ್ರದಲ್ಲಿ ಎಂದರು. ಅಷ್ಟು ಕಬ್ಬಿಣ ಓಡುತ್ತಿರುವಾಗ ಅದರ ನೋವು ಎಲ್ಲಿದೆ ಎಂದು ಅಂಗಾಲಿಗೆ ತಿಳಿಯುವುದೆಂದರೆ ಏನಯ್ಯಾ ಅದು! ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗ್ಯಾರೇಜಿಗೆ ಬಂದು ಸಾಬರು ಹೇಳಿದ್ದು ಇಷ್ಟೇ. “ಚಕ್ರ ಸರಿಯಿದೆ, ಗಾಡಿಯೂ ಸರಿಯಿದೆ. ನಡುವೆ ಏನೋ ಇದೆಯಪ್ಪಾ. ನೀನು ಯಾವಾಗಲೂ ಹೇಗೆ ಹಾಕುತ್ತೀಯೋ ಹಾಗೇ ಒಂದು ಸಲ ಬಿಚ್ಚಿ ಹಾಕು, ನಾನು ನೋಡುತ್ತೇನೆ.”

ಅವನು ಬಿಚ್ಚಲು ಹೋದರೆ ನಟ್ಟುಗಳು ಆಗಲೇ ಸಡಿಲವಾಗಿದ್ದವು. ಚಕ್ರ ಈಚೆ ಬಂತು. ಅದು ಒರಗಿ ಕೂರುವ ಜಾಗದಲ್ಲಿ ಹೆಬ್ಬೆರಳಗಲದ ತಾಮ್ರದ ತಗಡೊಂದು ಅಂಟಿಕೊಂಡಿತ್ತು. ಅವನು ಅದನ್ನು ಮೆಲ್ಲಗೆ ತೆಗೆದು ಕಣ್ಣಿಗೊತ್ತಿಕೊಂಡ. ಮತ್ತೆ ಅಲ್ಲೇ ಇಟ್ಟು ಚಕ್ರ ಎತ್ತಿಕೊಂಡ.

ಸಾಬರು ಅವನ ಕೈ ಹಿಡಿದು ನಿಲ್ಲಿಸಿ, ಇದೇನು ಎಂದು ಕೇಳಿದರು. ಅದು ಮಠದಲ್ಲಿ ಬರೆಸಿಕೊಂಡ ರಕ್ಷೆಯಂತೆ. ಹೊಸ ಟೈರು ಹಾಕುವ ದಿನ, ಯಾರ ಕಣ್ಣಿಗೂ ಬೀಳದ ಹಾಗೆ, ಹೆಂಡತಿ ಕೂರುವ ಕಡೆಯ ಚಕ್ರದ ಹಿಂದೆ ಇಟ್ಟಿದ್ದನಂತೆ. ಅವಳಿಗೆ ಏನೂ ಆಗದಿರಲಿ ಎಂದು.

“ಇದು ಅಡ್ಡ ಬಂದು ಚಕ್ರ ಓರೆಯಾಗಿ ಕೂತಿದೆ, ಅದಕ್ಕೇ ನಡುಕ. ಇನ್ನೊಂದು ಸಲ ಹೋಗಿದ್ದರೆ ಚಕ್ರವೇ ಕಳಚಿಕೊಳ್ಳುತ್ತಿತ್ತು” ಎಂದರು ಸಾಬರು. ಬಯ್ಯಲಿಲ್ಲ. ತಗಡನ್ನು ಹೆಗಲ ವಸ್ತ್ರದಿಂದ ಒರೆಸಿ, ತಮ್ಮ ತಲೆಗೂ ಮುಟ್ಟಿಸಿಕೊಂಡು ಅವನ ಕೈಗೆ ಕೊಟ್ಟರು. ಜಾಗವನ್ನು ಉಜ್ಜಿ, ಚಕ್ರ ಕೂರಿಸಿ, ನಟ್ಟು ಬಿಗಿದರು. ಮುಂದಿನ ಸಲ ಅವಳು ಆಸ್ಪತ್ರೆಯ ಬಾಗಿಲವರೆಗೂ ನಿದ್ದೆ ಮಾಡಿಕೊಂಡು ಹೋದಳು. ಈಗ ಕೋಲು ಹಿಡಿದು ಓಡಾಡುತ್ತಾಳೆ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಶಂಭುಲಿಂಗ ಬೆರಗಾಗಿ ಕೂತಿದ್ದ. ಉಗುರಿನಷ್ಟು ದಪ್ಪದ ತಗಡು ಇಡೀ ಕಾರನ್ನು ನಡುಗಿಸಿತಲ್ಲ ಎಂದು ಎರಡು ಸಲ ಅಂದ. ಆಮೇಲೆ ತಡೆಯಲಾರದೆ, “ಅಂಥದ್ದನ್ನು ಬರೆದುಕೊಟ್ಟ ಪುಣ್ಯಾತ್ಮ ಯಾರು ಬುದ್ಧೀ?” ಎಂದು ಕೇಳಿದ.

ಗುರುಗಳು ತಾವು ಕೂತಿದ್ದ ಚಾಪೆಯ ಅಂಚು ಎತ್ತಿದರು. ಅಡಿಯಿಂದ ಹೆಬ್ಬೆರಳಗಲದ ಒಂದು ತಾಮ್ರದ ತಗಡು ತೆಗೆದು ಅವನ ಅಂಗೈಯಲ್ಲಿಟ್ಟರು. ಅದು ಒಂದು ಕಡೆ ಜಜ್ಜಿಹೋಗಿ, ಅರ್ಧ ಬರಹ ಅಳಿಸಿಹೋಗಿತ್ತು.

“ಆ ಡ್ರೈವರನೇ ತಂದು ಒಪ್ಪಿಸಿದ. ಓದಿ ನೋಡು, ಅಕ್ಷರ ನನ್ನದೇ” ಎಂದರು.

ಶಂಭುಲಿಂಗ ತಗಡನ್ನು ಗುರುಗಳ ಮುಂದಿಟ್ಟು, ಬರಿಗೈಯಲ್ಲಿ ಕಣ್ಣು ಮುಚ್ಚಿ ಕೂತ.