ಗಡಿಗೆ ಕೊಟ್ಟ ವಿವರ

ಆಫ್ರಿಕಾದ ಪಡುವಣ ಕಡಲಂಚಿನ ಪುಟ್ಟ ದೇಶವೊಂದರಲ್ಲಿ, ನ್ಚಾಮ ಎಂಬ ಅಜ್ಜಿಯ ಅಡುಗೆಮನೆಯ ಮೂಲೆಯಲ್ಲಿ, ತಾಳೆ ಎಣ್ಣೆಯ ಗಡಿಗೆಯೊಂದು ಕೂತಿತ್ತು. ಅದನ್ನು ಯಾರೂ ಯಾವತ್ತೂ ಮಾತಾಡಿಸಿದ್ದಿಲ್ಲ. ಒಂದು ಬೆಳಿಗ್ಗೆ, ದೇಶದೇಶಗಳ ವಿವರ ಹೊತ್ತು ತಿರುಗುವ ಕೊಕ್ಕರೆ ಬಾಗಿಲಿಗೆ ಬಂದು, “ಈ ನಾಡಿನ ಎಣ್ಣೆ ಲೋಕಪ್ರಸಿದ್ಧವಂತೆ. ಅದರ ವಿಚಾರ ಹೇಳಬಲ್ಲವರು ಯಾರು?” ಎಂದು ಕೇಳಿತು.

ಗಡಿಗೆಗೆ ಹಿಗ್ಗೋ ಹಿಗ್ಗು. “ನಾನೇ ಹೇಳುತ್ತೇನೆ, ಕೇಳಿ ಸ್ವಾಮಿ,” ಎಂದಿತು.

“ದಿನಕ್ಕೆ ಎಷ್ಟು ತೆಗೆಯುತ್ತಾರೆ?”

“ಎರಡು ಸೌಟು. ನೆಂಟರು ಬಂದರೆ ಮೂರು.”

ಕೊಕ್ಕರೆ ಕತ್ತು ಓರೆ ಮಾಡಿತು. “ಯಾರ್ಯಾರಿಗೆ ಸಿಗುತ್ತದೆ?”

“ಮನೆಯವರಿಗೆ, ನೆರೆಯವರಿಗೆ, ಹಸಿದು ಬಂದವರಿಗೆ.”

“ಮುಗಿದುಹೋದರೆ?”

“ಮರ ಮತ್ತೆ ಗೊನೆ ಬಿಡುತ್ತದೆ.”

“ಮರವೇ? ನಾನು ಕೇಳಿದ್ದು ಕಡಲ ತಳದ ಕಪ್ಪು ಎಣ್ಣೆ. ಹಡಗುಗಟ್ಟಲೆ ಹೊರಗೆ ಹೋಗುತ್ತದಲ್ಲ, ಅದು.”

ಗಡಿಗೆ ಪೆಚ್ಚಾಯಿತು. “ತಪ್ಪು ತಿಳಿದೆ ಸ್ವಾಮಿ. ತಾವು ನಾಡಿನ ಎಣ್ಣೆ ಅಂದಿರಿ. ಆ ಎಣ್ಣೆಯಿಂದ ನಾಡಿನವರ ಬಾಯಿಗೆ ಏನಾದರೂ ಬಿದ್ದದ್ದನ್ನು ನಾನು ಕಂಡಿಲ್ಲ. ಹಾಗಾಗಿ ನನ್ನನ್ನೇ ಕೇಳುತ್ತಿದ್ದೀರಿ ಅಂದುಕೊಂಡೆ.”

ಅಷ್ಟರಲ್ಲಿ ಅಜ್ಜಿ ಒಳಗೆ ಬಂದಳು. ಬಾಗಿಲಲ್ಲಿದ್ದ ಹಕ್ಕಿಯನ್ನು ನೋಡಿದಳು. ಬಾಣಲೆಗೆ ಎರಡು ಸೌಟು ಎಣ್ಣೆ ಬಿಟ್ಟು, ಮೇಲೊಂದು ಸೌಟು ಸುರಿದು, ಬಾಳೆಹಣ್ಣು ಕರಿದು, ಮೊದಲ ಹೋಳನ್ನು ಕೊಕ್ಕರೆಯ ಮುಂದಿಟ್ಟಳು. ಗಡಿಗೆಗೆ ಹೋದ ಜೀವ ಬಂದಂತಾಯಿತು.

ಮುಂದಿನ ದೇಶದಲ್ಲಿ ಕೇಳಿದವರಿಗೆಲ್ಲ ಕೊಕ್ಕರೆ ಹೇಳಿದ್ದಿಷ್ಟು: “ಪುಟ್ಟ ದೇಶ. ಎಣ್ಣೆ ದಿನಕ್ಕೆ ಎರಡು ಸೌಟು. ನಾನು ಹೋದ ದಿನ ಮೂರು.”