ಕಪ್ಪು ಬಳಿದ ಹೆಸರು

"ಗುರುಗಳೇ, ಕಾನೂನು ಓದಿದ್ದೇನೆ. ಒಪ್ಪಂದಗಳ ಕಲಮುಗಳೆಲ್ಲ ಬಾಯಿಪಾಠವಾಗಿವೆ. ಅನ್ಯಾಯಕ್ಕೊಳಗಾದವರ ಪರವಾಗಿ ನಿಲ್ಲಲು ನಾನು ಇನ್ನೇನು ಕಲಿಯಬೇಕು?"

ಹೀಗೆ ಕೇಳಿದ ಶಿಷ್ಯ ಮರುವಾರವೇ ಪರದೇಶಕ್ಕೆ ಹೊರಡುವವನಿದ್ದ. ಮಾನವ ಹಕ್ಕುಗಳ ಮೊಕದ್ದಮೆಗಳನ್ನು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಡೆಸುವ ಕಚೇರಿಯೊಂದರಲ್ಲಿ ಅವನಿಗೆ ಆರು ತಿಂಗಳ ತರಬೇತಿ ಸಿಕ್ಕಿತ್ತು. ಗುರುಗಳು ವಕೀಲಿ ಬಿಟ್ಟು, ಮನೆಯಲ್ಲೇ ನಾಲ್ಕಾರು ಜನರಿಗೆ ಪಾಠ ಹೇಳಿಕೊಂಡಿದ್ದರು. ಅವರು ನೇರವಾಗಿ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಅಂಥದೇ ಒಂದು ಕಚೇರಿಗೆ ನಮ್ಮ ಕಡೆಯ ವಿದ್ಯಾರ್ಥಿನಿಯೊಬ್ಬಳು ತರಬೇತಿಗೆ ಹೋದಳು. ಓದಿನಲ್ಲಿ ಚುರುಕು. ಅಲ್ಲಿನ ಭಾಷೆಯನ್ನೂ ಚೆನ್ನಾಗಿ ಕಲಿತಿದ್ದಳು. ಮೊದಲ ದಿನವೇ ಹಿರಿಯ ವಕೀಲರು ನಾನೂರು ಪುಟಗಳ ಕಡತವೊಂದನ್ನು ಅವಳ ಮುಂದೆ ಇಟ್ಟರು.

ಕಡತ ತೊಮಾಸಾ ಎಂಬ ಹೆಂಗಸಿನದು. ಅವಳು ಕಡಲಂಚಿನ ಉಪ್ಪಿನ ಪಾತಿಗಳಲ್ಲಿ ಕೂಲಿ ಮಾಡುವವಳು. ಅವಳಿಗೆ ಒಬ್ಬನೇ ಮಗ, ಎಲಿಯೊ. ಕೆಲಸದ ಜಾಗದಲ್ಲಿ ಕುಡಿಯುವ ನೀರು ಬೇಕೆಂದು ಅವನು ಕೂಲಿಗಳನ್ನೆಲ್ಲ ಸೇರಿಸಿಕೊಂಡು ಕೇಳಿದ. ಒಂದು ಬೆಳಿಗ್ಗೆ ಸೈನಿಕರು ಬಂದು ಅವನನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಆಗ ಅವನಿಗೆ ಇಪ್ಪತ್ತೆರಡು. ಮತ್ತೆ ಅವನನ್ನು ಯಾರೂ ನೋಡಲಿಲ್ಲ. ಅಂಥವನನ್ನು ನಾವು ಹಿಡಿದೇ ಇಲ್ಲ ಎಂದಿತು ಸರಕಾರ. ಹಿಡಿದದ್ದನ್ನು ನಲವತ್ತು ಜನ ಕಣ್ಣಾರೆ ಕಂಡಿದ್ದರು. ಸರಕಾರಕ್ಕೆ ನಾಚಿಕೆಯಾಗಲಿಲ್ಲ.

ತೊಮಾಸಾಗೆ ಓದುಬರಹ ಬಾರದು. ಶಾಲೆಯ ಮಾಸ್ತರರೊಬ್ಬರು ಮಗನ ಹೆಸರನ್ನು ಒಂದು ಹಲಗೆಯ ಮೇಲೆ ಬರೆದುಕೊಟ್ಟರು. ಅವರ ಲಿಪಿಯಲ್ಲಿ ಅದು ನಾಲ್ಕೇ ಅಕ್ಷರ. ಅದನ್ನು ಹಿಡಿದು ಅವಳು ಪ್ರತಿ ಗುರುವಾರ ಸೈನ್ಯದ ಠಾಣ್ಯದ ಬಾಗಿಲಲ್ಲಿ ನಿಂತಳು. ಬೈಗುಳ ತಿಂದಳು, ಎರಡು ಸಲ ಏಟು ತಿಂದಳು. ಹನ್ನೊಂದು ವರ್ಷ ನಿಂತಳು. ಬಣ್ಣ ಮಾಸಿದಾಗಲೆಲ್ಲ ತಾನೇ ತಿದ್ದುತ್ತಿದ್ದಳು. ತಿದ್ದಿ ತಿದ್ದಿ ಆ ನಾಲ್ಕು ಅಕ್ಷರ ಅವಳ ಕೈಗೆ ಹತ್ತಿದ್ದವು. ಐದನೆಯದು ಗೊತ್ತಿರಲಿಲ್ಲ.

ವಿದ್ಯಾರ್ಥಿನಿಗೆ ಕೊಟ್ಟ ಕೆಲಸ ಇಷ್ಟು. ಕಡತದಲ್ಲಿ ತಾಯಿಯ ಹೆಸರು, ಮಗನ ಹೆಸರು ಬಂದಲ್ಲೆಲ್ಲ ಕಪ್ಪು ಮಸಿ ಬಳಿದು, ಪಕ್ಕದಲ್ಲಿ 'ತ', 'ಎ' ಎಂದು ಬರೆಯುವುದು. ಅರ್ಜಿದಾರರ ಸುರಕ್ಷತೆಗೆಂದು ಆ ಕಚೇರಿಯವರು ಹಾಗೆ ಮಾಡುತ್ತಿದ್ದರು. ಜೊತೆಗೆ ನ್ಯಾಯಾಲಯಕ್ಕೆ ಒಂದು ನಮೂನೆ ತುಂಬಿ ಕೊಡಬೇಕಿತ್ತು. ಹೆಸರನ್ನು ಗುಪ್ತವಾಗಿಡಲು ಅರ್ಜಿದಾರರೇ ಕೋರಿದ್ದಾರೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಹಳೆಯ ನಮೂನೆಗಳಲ್ಲೆಲ್ಲ ಹೌದು ಎಂದೇ ಇತ್ತು. ಇವಳೂ ಹೌದು ಎಂದು ಗುರುತು ಹಾಕಿದಳು. ತೊಮಾಸಾಳನ್ನು ಯಾರೂ ಕೇಳಿರಲಿಲ್ಲ.

ವಿಚಾರಣೆಗೆ ಎರಡು ದಿನ ಇರುವಾಗ ತೊಮಾಸಾ ಬಂದಳು. ಬಂದವಳೇ ತನ್ನ ಕಡತ ನೋಡಬೇಕೆಂದಳು. ಓದಲು ಬಾರದವಳಿಗೆ ಕಡತ ಏಕೆ ಎಂದುಕೊಳ್ಳುತ್ತಲೇ ವಿದ್ಯಾರ್ಥಿನಿ ತಂದುಕೊಟ್ಟಳು. ತೊಮಾಸಾ ಒಂದೊಂದೇ ಹಾಳೆ ತಿರುವಿದಳು. ಪ್ರತಿ ಸಾಲಿನ ಕೆಳಗೂ ಬೆರಳಾಡಿಸಿದಳು. ಅರ್ಧ ದಿನ ಹಿಡಿಯಿತು. ಕೊನೆಯ ಹಾಳೆ ಮುಗಿಸಿ, ಇದು ಯಾರ ಕಡತ ಎಂದು ಕೇಳಿದಳು. ನಿಮ್ಮದೇ ಎಂದಳು ವಿದ್ಯಾರ್ಥಿನಿ. ನಿಮಗೆ ತೊಂದರೆಯಾಗದಿರಲೆಂದು ಹೆಸರುಗಳನ್ನು ಮುಚ್ಚಿದ್ದೇವೆ ಎಂದು ವಿವರಿಸಿದಳು.

"ಅವರು ನನ್ನ ಮಗನನ್ನು ಬಚ್ಚಿಟ್ಟರು. ನನಗೆ ಉಳಿದದ್ದು ಅವನ ಹೆಸರು. ಅದನ್ನು ನೀವು ಬಚ್ಚಿಟ್ಟಿರಿ," ಎಂದಳು ತೊಮಾಸಾ. "ನನ್ನನ್ನು ಕೇಳಿದವರು ಯಾರು?"

ವಿದ್ಯಾರ್ಥಿನಿಗೆ ಮುಖ ಎತ್ತಲಾಗಲಿಲ್ಲ. ಗುರುತು ಹಾಕಿದವಳು ನಾನೇ ಎಂದು ಒಪ್ಪಿಕೊಂಡಳು. ಆಮೇಲೆ ಹಿರಿಯ ವಕೀಲರ ಬಳಿ ಹೋಗಿ, ನ್ಯಾಯಾಲಯಕ್ಕೆ ನಾವು ಸುಳ್ಳು ಬರೆದುಕೊಟ್ಟಿದ್ದೇವೆ, ತಿದ್ದಬೇಕು ಎಂದಳು. ಹಿರಿಯರು ಕೆಟ್ಟ ಮನುಷ್ಯರಲ್ಲ. ಮೂವತ್ತು ವರ್ಷ ಇಂಥ ಮೊಕದ್ದಮೆಗಳನ್ನೇ ನಡೆಸಿದವರು.

"ಆ ಹೆಂಗಸಿಗೆ ಅಪಾಯದ ಅರಿವಿಲ್ಲ," ಎಂದರು ಅವರು. "ಅವಳ ಹಿತ ಯಾವುದರಲ್ಲಿದೆ ಎಂದು ನಮಗೆ ಗೊತ್ತು."

ಇಲ್ಲಿಗೆ ಬಂದಾಗ ಗುರುಗಳ ದನಿ ಏರಿತು. ಕೇಳಿದೆಯಾ, ಎಂದರು. ಹನ್ನೊಂದು ವರ್ಷ ಬಂದೂಕಿನ ಎದುರು ನಿಂತವಳಿಗೆ ಅಪಾಯದ ಅರಿವಿಲ್ಲವಂತೆ. ಕುರ್ಚಿಯಲ್ಲಿ ಕೂತವರಿಗೆ ಇದೆಯಂತೆ. ಎಷ್ಟೋ ವರ್ಷಗಳ ಹಿಂದಿನ ಮಾತು, ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಮೇಲೆ ಕತೆ ಮುಂದುವರಿಸಿದರು.

ಹಿರಿಯರು ತಿದ್ದುಪಡಿಗೆ ಸಹಿ ಹಾಕಲಿಲ್ಲ. ಹಠ ಹಿಡಿದರೆ ಶಿಫಾರಸು ಪತ್ರವೂ ಸಿಗದೆಂದು ತಿಳಿಸಿದರು. ಆದರೆ ಹೆಸರು ಮುಚ್ಚುವುದು ಬೇಡವೆಂದು ಅರ್ಜಿದಾರರೇ ಖುದ್ದಾಗಿ ಕೇಳಿಕೊಳ್ಳಬಹುದೆಂದು ನ್ಯಾಯಾಲಯದ ನಿಯಮದಲ್ಲಿತ್ತು. ಮಾರನೆಯ ಬೆಳಿಗ್ಗೆ ವಿದ್ಯಾರ್ಥಿನಿ ತೊಮಾಸಾಳನ್ನು ನ್ಯಾಯಾಲಯದ ಕಚೇರಿಗೆ ಕರೆದುಕೊಂಡು ಹೋದಳು. ಹೆಸರು ಹೊರಬಿದ್ದರೆ ಏನೇನಾಗಬಹುದೆಂದು ಮೊದಲು ಒಂದೊಂದಾಗಿ ಹೇಳಿದಳು. ಏನನ್ನೂ ಮರೆಮಾಚಲಿಲ್ಲ. ತೊಮಾಸಾ ಎಲ್ಲವನ್ನೂ ಕೇಳಿಸಿಕೊಂಡು, ಬರೆ ಎಂದಳು. ಅವಳು ಹೇಳಿದ ಹಾಗೆಯೇ ಅರ್ಜಿ ಸಿದ್ಧವಾಯಿತು. ಸಹಿಯ ಜಾಗದಲ್ಲಿ ತೊಮಾಸಾ ಮಗನ ಹೆಸರು ಬರೆದಳು. ನಿನ್ನ ಗುರುತು ಬೇಕೆಂದು ಗುಮಾಸ್ತ ಹೇಳಿದಾಗ, ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ನ್ಯಾಯಾಲಯ ಅರ್ಜಿಯನ್ನು ಒಪ್ಪಿಕೊಂಡಿತು.

ವಿಚಾರಣೆಯ ದಿನ ಸರಕಾರದ ವಕೀಲ ಎದ್ದು, 'ಎ' ಎಂಬ ವ್ಯಕ್ತಿಯ ಬಗ್ಗೆ ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ ಎಂದು ಶುರುಮಾಡಿದ. ಹೆಸರು ಹೇಳಿ ಎಂದರು ನ್ಯಾಯಾಧೀಶರು. ಅವನು ಎಲಿಯೊ ಎನ್ನಬೇಕಾಯಿತು. ತೊಮಾಸಾ ಎದ್ದು ನಿಂತಳು. ಕಾವಲಿನವನು ಕೂರು ಎಂದು ಸನ್ನೆ ಮಾಡಿದ. ಅವಳು ಕೂರಲಿಲ್ಲ. ವಕೀಲನ ಮಾತು ಮುಗಿಯುವವರೆಗೂ ಅವನನ್ನೇ ನೋಡುತ್ತ ನಿಂತಿದ್ದಳು. ಅವನು ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

ವರ್ಷ ಕಳೆದ ಮೇಲೆ ತೀರ್ಪು ಬಂತು. ಎಲಿಯೊನನ್ನು ಒಯ್ದದ್ದು ಸೈನ್ಯವೇ, ಅವನನ್ನು ಏನು ಮಾಡಿದಿರಿ ಎಂದು ತಾಯಿಗೆ ಹೇಳಿ ಎಂದಿತು ನ್ಯಾಯಾಲಯ. ಸರಕಾರ ಇನ್ನೂ ಹೇಳಿಲ್ಲ. ತೀರ್ಪು ಬರುವಷ್ಟರಲ್ಲಿ ಯಾರೋ ಬಂದು ತೊಮಾಸಾಳ ಮನೆಯ ಬಾಗಿಲು ಒಡೆದು ಹೋಗಿದ್ದರು. ಉಪ್ಪಿನ ಪಾತಿಯಲ್ಲಿ ಅವಳ ಕೆಲಸವೂ ತಪ್ಪಿತ್ತು. ಅವಳು ತಂಗಿಯ ಮನೆ ಸೇರಿದಳು. ಸುದ್ದಿ ತಿಳಿದು ವಿದ್ಯಾರ್ಥಿನಿ ಅತ್ತಳು. ಶಿಫಾರಸು ಪತ್ರ ಸಿಗದಿದ್ದಾಗಲೂ ಅವಳು ಅತ್ತಿರಲಿಲ್ಲ. ನನ್ನಿಂದ ಹೀಗಾಯಿತು, ಕ್ಷಮಿಸಿ ಎಂದು ತೊಮಾಸಾಗೆ ಕಾಗದ ಬರೆದಳು. ತೊಮಾಸಾ ಬೇರೆಯವರ ಕೈಯಲ್ಲಿ ಉತ್ತರ ಬರೆಸಿದಳು. ಕ್ಷಮೆಯ ವಿಚಾರ ಅದರಲ್ಲಿರಲಿಲ್ಲ. ತೀರ್ಪಿನ ಮೊದಲ ಪುಟವನ್ನು ಠಾಣ್ಯದ ಗೋಡೆಗೆ ಅಂಟಿಸುತ್ತಿದ್ದೇನೆ, ಅವರು ಹರಿದು ಹಾಕುತ್ತಿದ್ದಾರೆ, ಇನ್ನೂ ಐವತ್ತು ಪ್ರತಿ ಕಳಿಸು ಎಂದಷ್ಟೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

"ಗುರುಗಳೇ, ಹಿರಿಯ ವಕೀಲರು ಹೇಳಿದ ಅಪಾಯ ಬಂದೇ ಬಂತಲ್ಲ," ಎಂದ ಶಿಷ್ಯ. "ಹಾಗಾದರೆ ಸರಿ ಯಾರದು? ಅವರದೋ, ಆ ವಿದ್ಯಾರ್ಥಿನಿಯದೋ?"

ಗುರುಗಳು ಹೇಳಿದರು: "ಇಷ್ಟೆಲ್ಲ ಕೇಳಿದ ಮೇಲೂ, ತೊಮಾಸಾಳನ್ನು ಬಿಟ್ಟು, ನೀನು ಕಾನೂನು ಓದಿದ ಇಬ್ಬರ ನಡುವೆಯೇ ಸರಿಯನ್ನು ಹುಡುಕುತ್ತಿದ್ದೀಯ."