ರಾಣಿ ಪದುಮಲೆ ಕೇಳಿದ ಮೂರು ಕೊಡುಗೆ

"ಕೇಳಿರಪ್ಪೋ ಕೇಳಿ! ರಾಣಿ ಪದುಮಲೆಯ ಮೂರು ಒಗಟು ಬಿಡಿಸಿದವನು ಆಕೆಯ ಕೈಹಿಡಿದು ಸಿಂಹಾಸನ ಏರುವನು. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ!"

ಸಿಂಗನದುರ್ಗದಲ್ಲಿ ಹೀಗೆ ಡಂಗುರ ಸಾರಿದ ಮೇಲೆ ಐವರು ರಾಜಕುಮಾರರು ಬಂದು ಸೆರೆಮನೆ ಸೇರಿದ್ದರು. ಉತ್ತರಗಳೆಲ್ಲ ಮನುಷ್ಯರು ಒಬ್ಬರಿಗೊಬ್ಬರು ಕೊಡುವಂಥವು ಎಂದು ರಾಣಿಯೇ ಹೇಳಿದ್ದಳು. ಚಿನ್ನ ಎಂದವನೊಬ್ಬ, ಆನೆ ಎಂದವನೊಬ್ಬ. ದೊರೆಮಕ್ಕಳಿಗೆ ಕೊಡುವುದೆಂದರೆ ಅಷ್ಟೇ ಹೊಳೆಯುವುದು.

ಆರನೆಯವನು ಹೊಸಬೀಡಿನ ಎಳೆಯ ಪಾಳೆಯಗಾರ ರಂಗಪ್ಪನಾಯಕ. ರಾಣಿ ಮೊದಲ ಒಗಟು ಕೇಳಿದಳು: "ಕೊಟ್ಟ ಮೇಲೂ ಕೊಟ್ಟವನೇ ಅದನ್ನು ಉಳಿಸಿಕೊಳ್ಳಬೇಕು. ಯಾವುದದು?"

"ವಿದ್ಯೆ!"

"ವಿದ್ಯೆ ಕೊಟ್ಟ ಗುರು ಅದನ್ನು ಕಾಯುತ್ತ ಕೂರಬೇಕಿಲ್ಲ. ಕರೆದೊಯ್ಯಿರಿ."

ಆಗ ಅವನ ಪಲ್ಲಕ್ಕಿ ಹೊತ್ತು ತಂದಿದ್ದ ಕೆಂಚ ಬಾಗಿಲಿನಿಂದ ಮುಂದೆ ಬಂದ.

"ಅದು ಮಾತು, ಅಮ್ಮಣ್ಣಿ. ನಿಮ್ಮ ಮಗನನ್ನ ಜೀವಂತ ಕರ್ಕೊಂಡು ಬರ್ತೀನಿ ಅಂತ ಇವರ ತಾಯಿಗೆ ಮಾತು ಕೊಟ್ಟು ಬಂದೆ. ಈಗ ಅದನ್ನ ಉಳಿಸ್ಕೋಬೇಕಾದವನು ನಾನೇ."

ಸಭೆಯಲ್ಲಿ ಯಾರೋ ನಕ್ಕರು. ರಾಣಿ ನಗಲಿಲ್ಲ, ಎರಡನೆಯ ಒಗಟು ಕೇಳಿದಳು: "ಬಾಯಿ ಮುಚ್ಚಿದವನು ಮಾತ್ರ ಕೊಡಬಲ್ಲ. ಕೊಟ್ಟರೂ ಅವನ ಮೈಮೇಲೆಯೇ ಇರುತ್ತದೆ."

"ಕಿವಿ. ಪಲ್ಲಕ್ಕಿಯೊಳಗಿನವರ ಮಾತೆಲ್ಲ ನಮಗೆ ಕೇಳಿಸ್ತದೆ. ನಮ್ಮ ಮಾತಿಗೆ ಕಿವಿ ಕೊಡೋರು ಇಲ್ಲ."

ರಾಣಿ ಮೂರನೆಯದನ್ನು ಕೇಳಿದಳು: "ಕೇಳಲಾರದವನಿಗೆ ಕೊಡುವುದು. ಪಡೆದವನು ಎಂದೂ ತೀರಿಸಲಾರ. ಒಬ್ಬನೇ ಕೊಟ್ಟರೆ ಸಾಲದು."

ಕೆಂಚ ಯೋಚಿಸಿದ. ಹಸುಗೂಸಿಗೆ ಹಾಲೇ? ಅದಕ್ಕೆ ತಾಯಿ ಒಬ್ಬಳೇ ಸಾಕು. ಕೇಳಲಾರದವನು, ತೀರಿಸಲಾರದವನು ಯಾರೆಂದು ಹೊಳೆದಾಗ ಅವನ ದನಿ ತಗ್ಗಿತು.

"ಹೆಗಲು, ಅಮ್ಮಣ್ಣಿ. ಸತ್ತವರ ಚಟ್ಟಕ್ಕೆ."

ರಾಣಿಯ ಕಣ್ಣು ತುಂಬಿತು. "ಮಾರಿಬೇನೆಯಲ್ಲಿ ನನ್ನಪ್ಪ ತೀರಿಕೊಂಡಾಗ ಈ ಸಭೆಯವರೆಲ್ಲ ಊರು ಬಿಟ್ಟಿದ್ದರು. ಕೊನೆಯವರೆಗೂ ಜೊತೆಗಿರುತ್ತೇವೆಂದು ಮಾತು ಕೊಟ್ಟವರು. ಬನ್ನಿ ಎಂದು ಅಂಗಲಾಚಿದೆ, ಒಬ್ಬರೂ ಕಿವಿ ಕೊಡಲಿಲ್ಲ. ನಾನೂ ಮೂವರು ಆಳುಗಳೂ ಹೆಗಲು ಕೊಟ್ಟೆವು. ಇವನ್ನು ಬಲ್ಲವನು ಸಿಗುವತನಕ ಯಾರನ್ನೂ ನಂಬಬಾರದು ಅಂದುಕೊಂಡೆ. ಸಿಂಹಾಸನ ನಿನ್ನದು."

"ಮೊದಲು ನಮ್ಮ ಒಡೆಯರ ತಲೆ ಉಳಿಸಿ. ಸೆರೆಯಲ್ಲಿರೋ ಐವರಿಗೂ ತಾಯಂದಿರಿದ್ದಾರೆ."

ಆರೂ ಜನರ ಬಿಡುಗಡೆಯಾಯಿತು. ಕೆಂಚ ಮತ್ತೆ ಕೈಮುಗಿದ. "ಒಡೆಯರನ್ನ ಮನೆ ಮುಟ್ಟಿಸಿ ಬರ್ತೀನಿ."

"ಹೋದವನು ಬಂದಾನೆಯೇ, ತಾಯಿ? ಒತ್ತೆಯಾಳನ್ನಾದರೂ ಇರಿಸಿಕೊಳ್ಳಿ" ಎಂದ ಮಂತ್ರಿ.

"ಬೇಡ" ಎಂದಳು ಪದುಮಲೆ. "ಬರುತ್ತೇನೆ ಅಂದಿದ್ದಾನಲ್ಲ."

ಹನ್ನೊಂದನೆಯ ದಿನ ಕೆಂಚ ಕಾಲ್ನಡಿಗೆಯಲ್ಲಿ ಬಂದ. ರಾಣಿ ಕೋಟೆಯ ಹೆಬ್ಬಾಗಿಲಿಗೆ ತಾನೇ ಇಳಿದು ಬಂದು ನಿಂತಿದ್ದಳು.